ಕಡಿದಾದ ತಿರುವಿಗೊಂದು ನಿಯಮ

ಮಾವನವರ ಕಣ್ಣಿನ ಪೊರೆ ತೆಗೆಸಿದ ವರ್ಷ, ಒಂದು ತಿಂಗಳು ಜೀಪು ಓಡಿಸಬೇಡಿ, ಧೂಳಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಬೆಳಗೋಡಿನ ಹತ್ತಿರದ ನಮ್ಮ ಪುಟ್ಟ ತೋಟದಲ್ಲಿ ಅದು ಕಾಫಿ ಒಣಗಿಸುವ ಕಾಲ. ನನ್ನ ಗಂಡ ಹಗಲೆಲ್ಲ ಕಣದಲ್ಲಿ. ಮಾವ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಗೂ ನಡುಮನೆಗೂ ಸುಮ್ಮನೆ ಓಡಾಡುತ್ತಿದ್ದರು. ಅವರನ್ನು ಒಂದು ಕಡೆ ಕೂರಿಸಲೆಂದೇ, ನನ್ನ ತಮ್ಮ ಕೊಟ್ಟಿದ್ದ ಆಟದ ಪೆಟ್ಟಿಗೆ ತೆಗೆದೆ. ಮೇಜಿನ ಮೇಲೆ ಅಂತರಿಕ್ಷ ನೌಕೆಗಳು ಕಾದಾಡುವ ಆಟ. ಸರದಿಯಂತೆ ನೌಕೆ ನಡೆಸಿ, ದಾಳ ಉರುಳಿಸಿ ಗುಂಡು ಹಾರಿಸಬೇಕು.

ಊಟದ ಮೇಜಿಗೆ ಕಪ್ಪು ರಗ್ಗು ಹಾಸಿದೆವು. ಒಣಗಿದ ಕಾಫಿ ಕಾಯಿಗಳೇ ಉಲ್ಕೆಗಳು. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಮಧ್ಯಾಹ್ನವಿಡೀ ಆ ಕಪ್ಪಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಕಣದಲ್ಲಿ ಹಲಗೆಯಿಂದ ಕಾಫಿ ಎಳೆಯುವ ಸದ್ದು ಎಲ್ಲೋ ದೂರದಿಂದೆಂಬಂತೆ ಬರುತ್ತಿತ್ತು. ನೋಡುತ್ತ ಕೂತರೆ ಮನೆಯೇ ನೆಲ ಬಿಟ್ಟು ತೇಲುತ್ತಿದೆ ಅನ್ನಿಸುತ್ತಿತ್ತು. ಮದುವೆಯಾದಾಗಿನಿಂದ ಮಾವನೆದುರು ಕುರ್ಚಿಯಲ್ಲಿ ಕೂರದಿದ್ದ ನಾನು ಎದುರಾಳಿಯಾಗಿ ಕೂತದ್ದೂ ಕನಸಿನ ಹಾಗೇ ಇತ್ತು.

ಪೆಟ್ಟಿಗೆಯಲ್ಲಿದ್ದ ಪುಸ್ತಕದ ನಿಯಮದಂತೆ ನೌಕೆ ಒಂದು ಸರದಿಗೆ ಸ್ವಲ್ಪವೇ ತಿರುಗಬಹುದು. ಮಾವನಿಗೆ ಅದು ಸಾಲದು.

"ಇದೇನು ಎತ್ತಿನ ಗಾಡಿಯೇನವ್ವ? ಗಕ್ಕಂತ ತಿರುಗ್ಬೇಕು."

ಸರಿ, ನಮ್ಮದೇ ಒಂದು ನಿಯಮ ಮಾಡಿಕೊಂಡೆವು. ಬೇಕಾದವರು ಪೂರ್ತಿ ಹಿಂದಕ್ಕೆ ತಿರುಗಿಸಬಹುದು, ಆದರೆ ದಾಳ ಹಾಕಬೇಕು. ಒಂದೋ ಎರಡೋ ಬಿದ್ದರೆ ತಿರುವು ಕೆಟ್ಟಿತು. ಕೆಟ್ಟರೆ ಏನಾಗಬೇಕು ಎಂಬಲ್ಲಿ ಜಗಳ ಬಿತ್ತು.

"ನೌಕೆಗೆ ಪೆಟ್ಟಾಗ್ಬೇಕು ಮಾವ," ಅಂದೆ.

"ಗಾಡಿಗೆ ಏನೂ ಆಗಲ್ಲ ಕಣವ್ವ. ಒಂದ್ಸರ್ತಿ ಗುಂಡು ಹಾರ್ಸೋದು ಬ್ಯಾಡ, ಅಷ್ಟೇ ಸಾಕು."

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಅವತ್ತೂ ಗಾಡಿಗೆ ಏನೂ ಆಗ್ಲಿಲ್ಲ. ಒಳಗಿದ್ದೋಳಿಗೆ ಆಯ್ತು."

ಮಾವ ದಾಳ ಕೆಳಗಿಟ್ಟರು. ನಾನು ಈ ಮನೆಗೆ ಬರುವ ಮುಂಚೆ, ಬಾಳ್ಳುಪೇಟೆಯಿಂದ ವಾಪಸು ಬರುವಾಗ, ಅವರು ಕಡಿದಾದ ತಿರುವೊಂದರಲ್ಲಿ ಜೀಪನ್ನು ಒಮ್ಮೆಲೇ ತಿರುಗಿಸಿದ್ದರಂತೆ. ಅತ್ತೆ ಕಂಬಿಗೆ ಬಡಿದು ಹೆಗಲ ಮೂಳೆ ಮುರಿದಿತ್ತು. ಅವರ ಎಡಗೈ ತಲೆಯವರೆಗೆ ಏಳದಿರುವುದನ್ನು ನಾನು ದಿನಾ ನೋಡಿದ್ದೆ. ಕಾರಣ ಅತ್ತೆಯ ಬಾಯಿಂದ ಕೇಳಿದ್ದು ಅವತ್ತೇ.

"ಆ ತಿರುವು ನಂಗೆ ಗೊತ್ತಿತ್ತು," ಅಂದರು ಮಾವ, ಸಣ್ಣ ದನಿಯಲ್ಲಿ.

"ನಿಮಗೆ ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ. ತಿರುಗಿಸ್ತೀನಿ, ಹಿಡ್ಕೊ ಅಂದಿದ್ರೆ ಹಿಡ್ಕತಿದ್ದೆ."

ಬಿಸಿಲು ಮೇಜಿನ ಅಂಚು ದಾಟಿ ನೆಲಕ್ಕಿಳಿಯಿತು. ಆಮೇಲೆ ಮಾವ ನನ್ನ ಕೈಗೆ ಪೆನ್ನು ಕೊಟ್ಟರು.

"ಬರ್ಕೊಳವ್ವ. ತಿರುಗಿಸೋ ಮುಂಚೆ ಬಾಯ್ಬುಟ್ಟು ಹೇಳ್ಬೇಕು. ಹೇಳಿ ಕೆಟ್ರೆ ಒಂದು ಗುಂಡು ಹೋಯ್ತು. ಹೇಳ್ದೆ ಕೆಟ್ರೆ ಒಳಗಿರೋರಿಗೆ ಪೆಟ್ಟು. ಆಟ ಮುಗಿಯೋಗಂಟ ಅದು ವಾಸಿಯಾಗಲ್ಲ."

ನಿಯಮದ ಪುಸ್ತಕದ ಹಿಂಬದಿಗೆ ಹಾಗೆಯೇ ಬರೆದೆ. ಮುಂದಿನ ಸರದಿಯಲ್ಲಿ ನನ್ನ ಎರಡು ನೌಕೆಗಳು ಅವರ ಬೆನ್ನು ಹತ್ತಿದ್ದವು. ಮಾವ ದಾಳ ಮುಷ್ಟಿಯಲ್ಲಿ ಹಿಡಿದು, ನನ್ನ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿ ಹೇಳಿದರು:

"ತಿರುಗಿಸ್ತೀನಿ. ಹಿಡ್ಕೊ."

ಅತ್ತೆ ಎರಡು ಕಾಯಿ ಸುಲಿದರು. ಮಾವ ಕಾದರು.

"ಹೂಂ, ಹಿಡ್ಕಂಡಿವ್ನಿ. ಹಾಕಿ."

ದಾಳ ಎರಡು ಬಿತ್ತು. ತಿರುವು ಕೆಟ್ಟಿತು, ಆದರೆ ಹೋದದ್ದು ಒಂದು ಗುಂಡು ಮಾತ್ರ. ಆ ಆಟ ನಾನು ಗೆದ್ದೆ. ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಉಲ್ಕೆಗಳನ್ನು ಮತ್ತೆ ಹರಡುತ್ತ, ತಮ್ಮ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಹಾಕಿದರು. ಅತ್ತೆ ಮೊರದ ಸಮೇತ ಬಂದು ಕೂತರು.