ಹುಣಸೆ ಬಡಿಯುವ ಗಳ

ಆ ದಿನಗಳಲ್ಲಿ ಹಿರೇಕೊಟ್ನೆಕಲ್‌ನಲ್ಲಿ ಶಿವರಾತ್ರಿ ಹತ್ತಿರ ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಿರಲಿಲ್ಲ, ಮಕ್ಕಳ ನಾಲಗೆ ನೋಡಿದರೆ ಸಾಕಿತ್ತು. ಹುಣಸೆಹಣ್ಣು ತಿಂದು ತಿಂದು ಎಲ್ಲರ ನಾಲಗೆಯೂ ಸುಲಿದಿರುತ್ತಿತ್ತು. ಜೋಳ ಕೊಯ್ದು ಮುಗಿದ ನಮ್ಮ ಹೊಲದಲ್ಲಿ, ಒಣದಂಟಿನ ವಾಸನೆಯ ನಡುವೆ, ಅಜ್ಜಿಯ ಹುಣಸೆಮರ ನಿಂತಿತ್ತು. ಬಸಣ್ಣ ಕಾಕಾ ಮೂರಾಳುದ್ದದ ಬಿದಿರು ಗಳದಿಂದ ಕೊಂಬೆ ಬಡಿಯುತ್ತಿದ್ದ. ನಾವು ತಲೆಗೆ ಗೋಣಿಚೀಲ ಹೊದ್ದು ಆರಿಸುತ್ತಿದ್ದೆವು. ಅಜ್ಜಿ ಹಣ್ಣಿಗೆ ಬೆಲ್ಲ, ಜೀರಿಗೆ, ಉಪ್ಪು, ಒಣಮೆಣಸಿನಕಾಯಿ ಹಾಕಿ ಒರಳಲ್ಲಿ ಕುಟ್ಟಿ, ಉಂಡೆ ಕಟ್ಟಿ, ಕಡ್ಡಿಗೆ ಸಿಕ್ಕಿಸಿ ಚಿಗಳಿ ಕೊಡುತ್ತಿದ್ದಳು. ಬೀಜಗಳನ್ನು ಕಲ್ಲಿಗೆ ಒಂದು ಬದಿ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಮಧ್ಯಾಹ್ನವೆಲ್ಲ ಚೌಕಾಬಾರ ಆಡುತ್ತಿದ್ದೆವು.

ಗಳದ ವಿಷಯದಲ್ಲಿ ಅಜ್ಜಿಗೆ ಒಂದು ಪದ್ಧತಿಯಿತ್ತು. ಬಡಿಯುವ ಮುನ್ನಾದಿನ ಅದನ್ನು ಕಾಲುವೆ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಡಬೇಕು. ಒಣಗಿದ ಬಿದಿರು ಏಟಿಗೆ ಸೀಳುತ್ತದೆ, ನೀರು ಕುಡಿದದ್ದು ಬಾಗುತ್ತದೆ. ಕೊಂಬೆ ಎಳೆಯಲು ಅದರ ತುದಿಗೊಂದು ಕಬ್ಬಿಣದ ಕೊಕ್ಕೆಯೂ ಇತ್ತು.

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ರಾಯಚೂರಿನಿಂದ ಮಹಬೂಬ್ ಸಾಹೇಬರು ಬಂದರು. ರಾಯಚೂರು ಕಡೆಯಿಂದ ದೇವದುರ್ಗಕ್ಕೆ ದೊಡ್ಡ ವಿದ್ಯುತ್ ಮಾರ್ಗ ಹಾಕುವವರಿದ್ದರು. ಅದು ಯಾವ ಊರು, ಯಾವ ಹೊಲ ದಾಟಿ ಹೋಗಬೇಕೆಂದು ಗೆರೆ ಎಳೆಯುವ ಕೆಲಸ ಅವರದು. ನಮ್ಮ ಮುಂದಿನ ಕೋಣೆಯಲ್ಲಿ ಇಳಿದುಕೊಂಡಿದ್ದರು. ಹಗಲೆಲ್ಲ ಮೂರು ಕಾಲಿನ ಯಂತ್ರ ಹೊತ್ತು ತಿರುಗಿ, ಸಂಜೆ ನಮ್ಮ ಕಟ್ಟೆಯ ಮೇಲೆ ನಕ್ಷೆ ಹಾಸುತ್ತಿದ್ದರು. ಅದು ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಹುಣಸೆಹಣ್ಣು ಇಡುವುದು ನನ್ನ ಕೆಲಸ. ಆಮೇಲೆ ಆ ನಾಲ್ಕೂ ನನ್ನ ಹೊಟ್ಟೆಗೆ.

ಒಂದು ಸಂಜೆ ಅಜ್ಜಿ ರೊಟ್ಟಿ ತಟ್ಟುತ್ತ ಕೇಳಿದಳು, "ಸಾಹೇಬ್ರ, ಆ ಗೆರಿ ನಮ್ಮ ಹೊಲದ ಮ್ಯಾಲ ಹೊಂಟದಂತಲ್ರೀ?"

"ಹೌದಮ್ಮಾ."

"ಹೊಲದ ಮ್ಯಾಲ ಹೋಗ್ಲಿ. ಗಿಡದ ಮ್ಯಾಲ?"

ಸಾಹೇಬರು ಕೈಯಲ್ಲಿದ್ದ ರೊಟ್ಟಿಯನ್ನೇ ನೋಡಿದರು. "ತಂತಿ ಬುಡಕ ದೊಡ್ಡ ಗಿಡ ಬಿಡಂಗಿಲ್ಲಮ್ಮಾ. ಕಡೀತಾರ."

"ಆ ಗಿಡಕ್ಕ ಜೋಲಿ ಕಟ್ಟಿ ಮೂರು ಮಕ್ಕಳನ್ನ ಮಲಗಿಸಿ ಕಳೆ ತಗದೀನ್ರೀ. ಮೂರನೇದು ನೋಡ್ರಿ ಅಲ್ಲಿ, ಇನ್ನಾ ಎದ್ದಿಲ್ಲ" ಎಂದು ಜಗುಲಿಯ ಮೇಲೆ ಅಡ್ಡಾಗಿದ್ದ ಬಸಣ್ಣ ಕಾಕಾನತ್ತ ಹಿಟ್ಟಿನ ಕೈ ತೋರಿಸಿದಳು. ಸಾಹೇಬರು ನಕ್ಕುಬಿಟ್ಟರು. ಅಜ್ಜಿ ಮಾತ್ರ ನಗಲಿಲ್ಲ.

ನಕ್ಷೆಯಲ್ಲಿ ನಮ್ಮ ಮರ ಎಲ್ಲಿದೆ ಎಂದು ನಾನು ಹುಡುಕಿದೆ. "ನಕ್ಷ್ಯಾಗ ಗಿಡ ಇರಂಗಿಲ್ಲ ಬೇಟಾ" ಎಂದರು. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತವರು ಅಜ್ಜಿಗೆ ಹೇಳಿದರು, "ಗೆರಿ ಬಗ್ಗಸಬಹುದು. ಆದ್ರ ಪಂಪ್‌ಸೆಟ್ ಟ್ರಾನ್ಸ್‌ಫಾರ್ಮರಿಗೆ ಹೋಗೋ ಹಳೀ ತಂತಿ ಅದಲ್ಲ, ಅದನ್ನ ಬ್ಯಾರೆ ಜಾಗಾದಾಗ ದಾಟಬೇಕಾಗ್ತದ. ಅಲ್ಲಿ ಅದು ಎಷ್ಟು ಎತ್ತರ ಅದ ಅಂತ ಅಳೀಬೇಕು. ನಾಳಿ ಸಂಜಿಗೆ ನಕ್ಷೆ ಕೊಡೋದದ."

"ಹಂಗಾರ ಮುಂಜಾನಿ ಅಳೀರಿ" ಎಂದು ಅಜ್ಜಿ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮುಂಜಾನೆ ಎಲ್ಲರೂ ಹೊಲಕ್ಕೆ ಹೋದೆವು. "ತಂತಿ ಬುಡಕ ಯಾರೂ ಹೋಗಬ್ಯಾಡ್ರಿ" ಎಂದು ಹೇಳಿ ಸಾಹೇಬರು ಯಂತ್ರ ಹೊತ್ತು ದೂರದ ಬದುವಿಗೆ ನಡೆದರು. ದೂರದಿಂದಲೇ ನೋಡಿ ಎತ್ತರ ಲೆಕ್ಕ ಹಾಕುವ ಯಂತ್ರವದು. ಆದರೆ ಅದರ ಮೂರು ಕಾಲು ಸಮ ನಿಲ್ಲಿಸುವುದರಲ್ಲೇ ಹೊತ್ತು ಹೋಗುತ್ತಿತ್ತು.

"ಇವ್ರು ಕಾಲು ಊರಾದ್ರೊಳಗ ಗಿಡ ತಾನಾ ಸಾಯ್ತದ" ಎಂದ ಕಾಕಾ.

ಆಗ ನಾನು ಹೇಳಿದೆ. ನಾನೇ ಹೇಳಿದೆ. "ಕಾಕಾ, ನಮ್ಮ ಗಳ ಎತ್ತಿ ಹಿಡದ್ರ ತಂತಿ ಎಷ್ಟು ಎತ್ತರ ಅಂತ ಗೊತ್ತಾಗಂಗಿಲ್ಲೇನು?"

"ಶಾಣ್ಯಾಕಿ ಬೇ ನೀ! ಬಿದಿರಿಗೆ ಕರೆಂಟ್ ಹತ್ತಂಗಿಲ್ಲ. ತಾ."

ಓಡಿದೆ. ಮರುದಿನ ಹುಣಸೆ ಬಡಿಯುವುದಿತ್ತು, ಗಳ ಕಾಲುವೆಯಲ್ಲಿತ್ತು. ಕಲ್ಲು ಸರಿಸಿ, ಹೆಗಲ ಮೇಲೆ ಒಂದು ತುದಿ ಇಟ್ಟು ಎಳೆದು ತಂದೆ. ನೀರು ಸುರಿದು ಲಂಗವೆಲ್ಲ ತೊಯ್ದು ಕಾಲಿಗೆ ಅಂಟಿತ್ತು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಒದ್ದೆ ಬಿದಿರಿನ ಮಾತು ಪಾಠದಲ್ಲಿರಲಿಲ್ಲ. ಇಂದಿಗೂ ನಿದ್ದೆ ಬರುವ ಮುಂಚೆ ಆ ಗಳ ನನ್ನ ಹೆಗಲ ಮೇಲೆ ತಣ್ಣಗೆ ಬಂದು ಕೂರುತ್ತದೆ. "ಕಾಕಾ, ಇದು ಹಸಿ ಅದ" ಎನ್ನುತ್ತೇನೆ. ಆಗ ಅನ್ನಲಿಲ್ಲ.

ಕಾಕಾ ಗಳವನ್ನು ನೆಟ್ಟಗೆ ಎತ್ತಿದ. ಕೊಕ್ಕೆ ತಂತಿಗೆ ಒಂದು ಮೊಳ ಕೆಳಗಿತ್ತು. ಆತ ಮುಂಗಾಲ ಮೇಲೆ ನಿಂತು ಗಳವನ್ನು ಇನ್ನೂ ಮೇಲಕ್ಕೆ ತಳ್ಳಿದ.

ಬದುವಿನ ಮೇಲೆ ಸಾಹೇಬರು ಆಗಷ್ಟೇ ಗಾಜಿಗೆ ಕಣ್ಣಿಟ್ಟಿದ್ದರಂತೆ. ಗಾಜಿನೊಳಗೆ ತಂತಿ ಕಂಡಿತು, ಅದರತ್ತ ಏರುತ್ತಿದ್ದ ಕೊಕ್ಕೆ ಕಂಡಿತು, ಕೊಕ್ಕೆಗೆ ಜೋತಿದ್ದ ಒಂದು ಹನಿ ನೀರೂ ಕಂಡಿತು.

"ಛೋಡ್! ಬಿಡಲೇ ಮಗನಾ, ಬಿಡೂ!"

ತಿಂಗಳಿಂದ 'ಬಸಣ್ಣಾರ' ಎಂದೇ ಕರೆಯುತ್ತಿದ್ದ ಸಾಹೇಬರು 'ಲೇ' ಅಂದದ್ದಕ್ಕೇ ಕಾಕಾನ ಕೈ ಸಡಿಲಾಯಿತು. ಮೇಲಕ್ಕೆ ತಳ್ಳಿದ ರಭಸದಲ್ಲೇ ಗಳ ವಾಲಿ, ಕೊಕ್ಕೆಯ ಸಮೇತ ತುದಿ ಎರಡು ತಂತಿಗಳಿಗೆ ಅಡ್ಡ ಬಿತ್ತು. ನೀಲಿ ಬೆಳಕು. ಬಂಡೆ ಒಡೆದಂಥ ಸದ್ದು. ಕಾಕಾ ಕೂಳೆಯ ಮೇಲೆ ಕುಕ್ಕರಿಸಿದ. ಉರಿಯುತ್ತಿದ್ದ ಬಿದಿರು ಆತನ ಕಾಲ ಬಳಿಯೇ ಬಿದ್ದು ಜೋಳದ ಕೂಳೆಗೆ ಬೆಂಕಿ ಹತ್ತಿತು. ಅಜ್ಜಿ ಹುಣಸೆ ಆರಿಸುವ ಗೋಣಿಚೀಲದಿಂದ ಬಡಿದು ಬಡಿದು ಆರಿಸಿದಳು.

ಸಾಹೇಬರು ಒಂದು ಚಪ್ಪಲಿ ಕಳೆದುಕೊಂಡು ಓಡಿ ಬಂದರು. ಕಾಕಾನ ಎದೆ ಮುಟ್ಟಿ ನೋಡಿ, ಕೆನ್ನೆಗೆ ಒಂದು ಬಾರಿಸಿ, ಆಮೇಲೆ ತಬ್ಬಿಕೊಂಡರು.

ಅಜ್ಜಿ ಮಸಿಗೈಯಲ್ಲೇ ಕಾಕಾನ ತಲೆ ಸವರಿದಳು. "ಸಾಹೇಬ್ರ, ನನಗ ಗಿಡ ಬ್ಯಾಡ. ಕಡೀರಿ. ಮಗ ಉಳಿದ, ಸಾಕು."

ಸಾಹೇಬರು ಚೆಂಬಿನ ನೀರು ಕುಡಿದು ಬದುವಿಗೆ ಮರಳಿ ಹೋದರು. ಮತ್ತೆ ಗಾಜಿಗೆ ಕಣ್ಣಿಟ್ಟು ಅಳೆದೇ ಬಂದರು. ಮಧ್ಯಾಹ್ನ ಕಟ್ಟೆಯ ಮೇಲೆ ಹಳೆಯ ಗೆರೆ ಅಳಿಸಿ, ನಮ್ಮ ಹೊಲದ ಹತ್ತಿರ ಹೊಸದನ್ನು ಬಗ್ಗಿಸಿದರು. ಪಕ್ಕದಲ್ಲಿ ಪುಟ್ಟ ಸೊನ್ನೆಯೊಂದು. "ಇದು ನಿಮ್ಮ ಗಿಡ ಬೇಟಾ" ಎಂದರು. ಆಮೇಲೆ ಅಜ್ಜಿಗೆ, "ಒಂದು ಮಾತು ಕೊಡಬೇಕಮ್ಮಾ. ಹೊಸ ತಂತಿ ಗಿಡದ ಮಗ್ಗಲಾಗೇ ಹೋಗ್ತದ. ಇನ್ಮ್ಯಾಲ ಈ ಗಿಡದ ಕೆಳಗ ಯಾರೂ ಗಳ ಎತ್ತಬಾರದು. ಎಂದೂ."

ಅಜ್ಜಿ ನನ್ನ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಹೊಸ ತಂತಿಯ ಗೋಪುರಗಳು ಎದ್ದಾಗ ಅಜ್ಜಿ ಇದ್ದಳು, ಈಗಿಲ್ಲ. ಮಾತು ಉಳಿದಿದೆ. ರಾಯಚೂರಿನಲ್ಲಿ ಕಾಲೇಜು ಓದಿ ಮುಗಿಸಿದ ಮೇಲೂ ತಂತಿಯ ಕೆಳಗೆ ಕೊಡೆ ಮಡಚುವವಳು ನಾನು. ನಮ್ಮ ಮನೆಯ ಚಿಕ್ಕ ಮಕ್ಕಳಿಗೆ ಚಿಗಳಿ ಮಾನ್ವಿಯ ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತದೆ. ಬೀಜ ತಿಕ್ಕಿ ಆಡುವುದು ಅವರಿಗೆ ಗೊತ್ತಿಲ್ಲ.

ಹೋದ ಶಿವರಾತ್ರಿಗೆ ಊರಿಗೆ ಹೋಗಿದ್ದೆ. ಮರದ ತುಂಬ ಹಣ್ಣು. ಮಾಗಿದ್ದು ತಾನಾಗಿ ಉದುರಿ, ಇರುವೆ ಮುತ್ತಿ, ಮಣ್ಣಾಗುತ್ತಿತ್ತು. ಮಗ್ಗುಲಲ್ಲಿ ಎತ್ತರದ ತಂತಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಬಸಣ್ಣ ಕಾಕಾನ ಮೀಸೆ ಬೆಳ್ಳಗಾಗಿದೆ. ಮೊದಲು ಮೇಲೆ ನೋಡಿ, ಆಮೇಲೆ ಕೈ ಎತ್ತಿ, ಎಟಕಿದಷ್ಟು ಕಿತ್ತು ನನ್ನ ಸೆರಗಿಗೆ ಹಾಕಿದ.

"ಮ್ಯಾಲಿಂದು ಬಾಳ ರುಚಿ ಇರ್ತಿತ್ತು, ಹೌದಿಲ್ಲು?" ಎಂದ.

ಎಟಕದ್ದನ್ನು ಇಬ್ಬರೂ ನೋಡುತ್ತ ನಿಂತೆವು.