ಹೂವಿನ ತಟ್ಟೆ ಹಿಡಿಯುವವರು ಯಾರು

ನಾನು ಬಂಟ್ವಾಳದವಳು. ವಿಜ್ಞಾನ ಕಲಿಸುವುದು ಬೆಳ್ತಂಗಡಿ ತಾಲೂಕಿನಲ್ಲಿ, ನೆರಿಯದ ಕಡೆಯ ಒಂದು ಹೈಸ್ಕೂಲಿನಲ್ಲಿ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮಕ್ಕಳು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಆದರೆ ಆ ಸಿಟ್ಟು ಒಮ್ಮೆ ಉಪಕಾರಕ್ಕೂ ಬಂದಿದೆ.

ನಮ್ಮ ವಿಜ್ಞಾನ ಮೇಳಗಳಲ್ಲಿ ಎಲ್ಲೂ ಬರೆದಿಡದ ಒಂದು ಕಟ್ಟಳೆ ಇತ್ತು. ಒಂದು ಮಾದರಿಗೆ ಇಬ್ಬರು ಮಕ್ಕಳು. ಮಾದರಿಯನ್ನು ಯಾರೇ ಮಾಡಲಿ, ವಿವರಿಸುವುದು ಹುಡುಗ. ಹುಡುಗಿ ಬೆಳಿಗ್ಗೆ ಹೂವಿನ ತಟ್ಟೆ ಹಿಡಿದು ಅತಿಥಿಗಳನ್ನು ಸ್ವಾಗತಿಸಬೇಕು, ಆಮೇಲೆ ಚಾರ್ಟಿನ ಪಕ್ಕದಲ್ಲಿ ನಗುತ್ತ ನಿಲ್ಲಬೇಕು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. "ಹುಡುಗಿಯರಾದರೆ ಚಂದ ಕಾಣ್ತದೆ" ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಆ ವರ್ಷ ಹತ್ತನೇ ತರಗತಿಯ ಬ್ಯಾರಿ ಹುಡುಗಿಯೊಬ್ಬಳು ಟ್ಯಾಂಕ್ ತುಂಬಿದ ಕೂಡಲೇ ತಾನಾಗಿ ನಿಲ್ಲುವ ಪಂಪಿನ ಮಾದರಿ ಮಾಡಿದಳು. ಎರಡು ಬಕೆಟ್, ಒಂದು ಪುಟ್ಟ ಮೋಟಾರು, ನೀರು ತಾಗಿದರೆ ಸೂಚನೆ ಕೊಡುವ ತಂತಿಗಳು, ಅಷ್ಟೇ. ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡವಳೂ ಅವಳೇ. ಜೊತೆಗಾರ ಹುಡುಗ ಪಾಪದವನು, ವಿವರಣೆಯನ್ನು ಗಿಳಿಪಾಠದಂತೆ ಒಪ್ಪಿಸುತ್ತಿದ್ದ. ಶಾಲೆಯ ಮೇಳದ ದಿನ ನಾನು ತರಬೇತಿಗೆಂದು ಬೆಳ್ತಂಗಡಿಗೆ ಹೋಗಿದ್ದೆ. ಹುಡುಗಿಯ ತಾಯಿ ಮೇಳವನ್ನು ಮೊಬೈಲಿನಲ್ಲಿ ಹಿಡಿದು ಗಲ್ಫಿನಲ್ಲಿದ್ದ ಗಂಡನಿಗೆ, ಅಂದರೆ ಹುಡುಗಿಯ ಉಪ್ಪನಿಗೆ, ಕಳಿಸಿದರಂತೆ.

ಮರುವಾರ ಆ ತಾಯಿ ಮಗಳೊಂದಿಗೆ ಸ್ಟಾಫ್ ರೂಮಿಗೆ ಬಂದರು.

"ಟೀಚರ್, ಇವಳ ಉಪ್ಪ ವಿಡಿಯೊ ನೋಡಿದ್ರು. ಮಾತಾಡಿದ್ದೆಲ್ಲ ಹುಡುಗ, ಇವಳದ್ದು ಬರೀ ಹೂ ಕೊಡುವ ಕೆಲಸ. ಅದಕ್ಕೆ ಮೂಡುಬಿದಿರೆಯ ಹಾಸ್ಟೆಲ್ ಯಾಕೆ, ಇಲ್ಲೇ ಉಜಿರೆಯಲ್ಲಿ ಕಾಮರ್ಸ್ ಸಾಕು ಅಂತ ಹೇಳ್ತಾರೆ."

ಮೂಡುಬಿದಿರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಬೇಕೆಂದು ಹುಡುಗಿ ವರ್ಷವಿಡೀ ಜಪ ಮಾಡಿದ್ದಳು. ಈಗ ನೆಲ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಆ ಮನುಷ್ಯನನ್ನು ಬೈಯೋಣವೆಂದರೆ ಅವರು ಕಂಡದ್ದನ್ನೇ ಹೇಳಿದ್ದಾರೆ.

"ಮುಂದಿನ ಮೇಳ ಮೂಡುಬಿದಿರೆಯಲ್ಲೇ ಉಂಟು," ಎಂದೆ. "ನೀವೂ ಬನ್ನಿ. ಅವರಿಗೆ ವಿಡಿಯೊ ಕಾಲಿನಲ್ಲೇ ತೋರಿಸುವ."

ಮೂಡುಬಿದಿರೆಯಲ್ಲಿ ನಾವು ಬಕೆಟ್ ಇಳಿಸುವಷ್ಟರಲ್ಲಿ ಸಂಘಟಕರೊಬ್ಬರು ಓಡಿ ಬಂದರು. ಸ್ವಾಗತಕ್ಕೆ ಪ್ರತಿ ಶಾಲೆಯಿಂದ ಒಬ್ಬಳು ಹುಡುಗಿ ಬೇಕಂತೆ. ನಾನು ಹುಡುಗನನ್ನು ಮುಂದೆ ನೂಕಿದೆ.

"ಮೇಡಂ, ನಿಮ್ಮಲ್ಲಿ ಹುಡುಗಿ ಇಲ್ವಾ?"

"ಉಂಟು. ಅವಳಿಗೆ ಪಂಪಿನ ಕೆಲಸ ಉಂಟು. ಇವನ ಕೈ ಖಾಲಿ."

ಅವರು ನನ್ನ ಮುಖ ನೋಡಿದರು, ವಾದ ಮಾಡಿ ಪ್ರಯೋಜನವಿಲ್ಲ ಎಂದುಕೊಂಡಿರಬೇಕು. ಹುಡುಗ ಸಾಲಿನ ತುದಿಯಲ್ಲಿ ತಟ್ಟೆ ಹಿಡಿದು ಮದುಮಗನ ಗತ್ತಿನಲ್ಲಿ ನಿಂತ. ಅತಿಥಿಗಳು ಅವನ ಕೈಯಿಂದಲೂ ಹೂ ತೆಗೆದುಕೊಂಡು ಒಳಗೆ ಹೋದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹುಡುಗಿಗೆ ವಿವರಿಸಿ ಅಭ್ಯಾಸವೇ ಇರಲಿಲ್ಲ. ಇಷ್ಟು ವರ್ಷ ಚಾರ್ಟಿನ ಪಕ್ಕದಲ್ಲಿ ನಿಂತವಳಲ್ಲವೇ? ತೀರ್ಪುಗಾರರು ಬಂದಾಗ ಪುಸ್ತಕದ ಕನ್ನಡದಲ್ಲಿ ಎರಡು ವಾಕ್ಯ ಹೇಳಿ ತಡವರಿಸಿದಳು. "ಮಾತು ಆಮೇಲೆ, ಮೊದಲು ಪಂಪು ಹಾಕು," ಎಂದೆ. ಸ್ವಿಚ್ ಒತ್ತಿದಳು. ನೀರು ಏರಿತು, ತಂತಿಗೆ ತಾಗಿತು, ಮೋಟಾರು ನಿಂತಿತು. ಆಮೇಲೆ ಅವಳ ಮಾತನ್ನು ನಿಲ್ಲಿಸುವುದೇ ಕಷ್ಟವಾಯಿತು.

ತಾಯಿ ಹಿಡಿದಿದ್ದ ಮೊಬೈಲಿನಲ್ಲಿ ತಂದೆ ಎಲ್ಲವನ್ನೂ ನೋಡುತ್ತಿದ್ದರು. ಅವರು ಗಲ್ಫಿನಲ್ಲಿ ಎಸಿ ರಿಪೇರಿ ಮಾಡುವವರು. ತೀರ್ಪುಗಾರರು ಮುಂದೆ ಹೋದ ಮೇಲೆ ಮಗಳಿಗೆ ಬ್ಯಾರಿ ಭಾಷೆಯಲ್ಲಿ ಒಂದು ಪ್ರಶ್ನೆ ಹಾಕಿದರು. ಅಷ್ಟು ಬ್ಯಾರಿ ನನಗೂ ತಿಳಿಯುತ್ತದೆ. ಟ್ಯಾಂಕ್ ತುಂಬಿದರೆ ನಿಲ್ಲುತ್ತದೆ ಸರಿ, ಬಾವಿಯಲ್ಲೇ ನೀರು ಖಾಲಿಯಾದರೆ? ಮೋಟಾರು ಸುಮ್ಮನೆ ತಿರುಗಿ ಸುಟ್ಟು ಹೋಗುವುದಿಲ್ಲವೇ?

ಹುಡುಗಿ ಬಕೆಟ್ ನೋಡಿದಳು, ತಂತಿ ನೋಡಿದಳು. ಉತ್ತರ ನನಗೆ ಗೊತ್ತಿತ್ತು, ತುಟಿ ಕಚ್ಚಿಕೊಂಡು ನಿಂತೆ.

"ಗೊತ್ತಿಲ್ಲ ಉಪ್ಪ," ಎಂದಳು ಅವಳು. "ನಾನು ಅದನ್ನು ಯೋಚನೆ ಮಾಡ್ಲೇ ಇಲ್ಲ. ಕಲಿತು ಹೇಳ್ತೇನೆ."

ತಾಯಿ ಮೊಬೈಲನ್ನು ತಮ್ಮ ಕಡೆ ತಿರುಗಿಸಿದರು. ಆಗ ತಂದೆ ಮಗಳನ್ನು ಬಿಟ್ಟು ಹೆಂಡತಿಗೆ ಹೇಳಿದರು: "ಹೇಗೂ ಮೂಡುಬಿದಿರೆಗೆ ಹೋಗಿದ್ದೀರಲ್ಲ. ಆ ಡಿಪ್ಲೊಮಾ ಕಾಲೇಜು ನೋಡಿಕೊಂಡೇ ಬನ್ನಿ."

ಹುಡುಗಿ ಬಕೆಟಿನ ನೀರು ಚೆಲ್ಲಲು ಓಡಿದಳು. ತಾಯಿ ಮೊಬೈಲನ್ನು ಬ್ಯಾಗಿಗೆ ಹಾಕಿ ನನ್ನ ಹತ್ತಿರ ಬಂದರು.

"ಟೀಚರ್, ಅಲ್ಲಿ ಹಾಸ್ಟೆಲಿನಲ್ಲಿ ಊಟ ಹೇಗೆ?"