ಹನ್ನೊಂದು ಟ್ಯಾಗ್ ಮತ್ತು ಒಂದು ನೀಲಿ ಪೌಚ್

ಮೂರು ವರ್ಷದ ಹಿಂದಿನ ಮೇ ತಿಂಗಳು. ಡೊಂಬಿವಲಿ ಪೂರ್ವದಲ್ಲಿ ನಾನು ನಡೆಸುವ ಒಂದೇ ಕೋಣೆಯ ಟ್ರಾವೆಲ್ ಆಫೀಸಿಗೆ ಅದು ಹತ್ತೊಂಬತ್ತನೇ ಬೇಸಿಗೆ. ವಿಮಾನದ ಟಿಕೆಟ್ಟು, ವಿದೇಶ ಪ್ರವಾಸ ನನ್ನ ಕೆಲಸವಲ್ಲ. ಕಲ್ಯಾಣ, ಠಾಣೆ, ನವಿ ಮುಂಬೈ ಕಡೆಯ ಮನೆಮಂದಿ ತಮ್ಮದೇ ಕಾರಿನಲ್ಲಿ ಎರಡು ಮೂರು ದಿನ ಹೋಗಿಬರಲು ದಾರಿ, ವಸತಿ, ಊಟ, ಟಿಕೆಟ್ಟು ಎಲ್ಲವನ್ನೂ ಗಂಟೆಗಂಟೆಗೆ ಜೋಡಿಸಿ ಒಂದು ಶೀಟ್ ಮಾಡಿಕೊಡುವುದು ನನ್ನ ಕಸುಬು. ಊರು ವಿಜಯಪುರ, ನಾಲಿಗೆ ಸ್ವಲ್ಪ ಜೋರು. ನನ್ನ ಶೀಟಿನಲ್ಲಿ ತಪ್ಪು ಹುಡುಕಿದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. ಆ ಬೇಸಿಗೆಯ ಒಂದು ಮಂಗಳವಾರ ಬೆಳಗ್ಗೆ ನನ್ನ ಆ ಗುಣ ಒಂದು ಮಗುವಿನ ಜೀವಕ್ಕೇ ಕುತ್ತಾಗುವುದರಲ್ಲಿತ್ತು.

ಊರು ಮೈಸೂರು ಕಡೆಯಾದರೂ ಡೊಂಬಿವಲಿಯಲ್ಲೇ ಮನೆ ಮಾಡಿದ್ದ ರಾಘು ಮತ್ತು ದೀಪಾ ದಂಪತಿ ಏಪ್ರಿಲ್‌ನಲ್ಲೇ ನನ್ನ ಬಳಿ ಬಂದಿದ್ದರು. ರಾಘುಗೆ ಮಹಾಪೆಯಲ್ಲಿ ಐಟಿ ಕೆಲಸ. ಅವರ ಮಗಳು ಇಂಚರಾಳಿಗೆ ಎಂಟು ವರ್ಷ. ಹಿಂದಿನ ವರ್ಷ ಅವಳಿಗೆ ಟೈಪ್ ಒನ್ ಡಯಾಬಿಟಿಸ್ ಇದೆಯೆಂದು ಗೊತ್ತಾಗಿತ್ತು. ಅಂದರೆ ಅವಳ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಪ್ರತಿ ಊಟಕ್ಕೆ ಮುಂಚೆ ಒಂದು, ರಾತ್ರಿ ಒಂದು, ಹೀಗೆ ದಿನಕ್ಕೆ ನಾಲ್ಕು ಇಂಜೆಕ್ಷನ್. ಆಸ್ಪತ್ರೆಯಲ್ಲಿ ಮಲಗಿದ್ದಾಗ ಖೋಪೋಲಿ ಹತ್ತಿರದ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ ಎಂದು ಅಪ್ಪ ಮಾತು ಕೊಟ್ಟಿದ್ದನಂತೆ. ಆ ಮಾತನ್ನು ಹುಡುಗಿ ಒಂದು ದಿನವೂ ಮರೆತಿರಲಿಲ್ಲ. ರಾಘುವಿನ ತಾಯಿ, ಠಾಣೆಯ ವರ್ತಕ ನಗರದಲ್ಲಿರುವ ಅವನ ತಂಗಿಯ ಕುಟುಂಬವೂ ಸೇರಿ ಎರಡು ಕಾರು, ಒಂಬತ್ತು ಜನ.

ಪಾರ್ಕಿನ ಒಳಗಿನ ಹೋಟೆಲು ಬೇಡ ಎಂದು ನಾನೇ ಹೇಳಿದೆ. ಪಾರ್ಕಿನ ಹೊರಗೆ, ಖೋಪೋಲಿ ಕಡೆಗೆ ಒಂದು ಬಂಗಲೆ ನೋಡಿದೆ. ಅಡುಗೆಮನೆ ಇದೆಯೇ, ಕರೆಂಟು ಹೋದರೆ ಫ್ರಿಜ್ ಇನ್ವರ್ಟರ್ ಮೇಲೆ ನಡೆಯುತ್ತದೆಯೇ, ಮಕ್ಕಳನ್ನು ನೋಡುವ ಆಸ್ಪತ್ರೆ ಎಷ್ಟು ದೂರ, ಎಲ್ಲವನ್ನೂ ಖುದ್ದಾಗಿ ಹೋಗಿ ನೋಡಿಬಂದೆ. ಪಾರ್ಕಿನ ಫಸ್ಟ್ ಏಡ್ ಕೋಣೆಯಲ್ಲಿ ಇನ್ಸುಲಿನ್ ಇಡುವುದಿಲ್ಲ ಎನ್ನುವುದನ್ನೂ ವಿಚಾರಿಸಿ ಬರೆದುಕೊಂಡಿದ್ದೆ. ವಾರದ ಕೊನೆಯ ನೂಕುನುಗ್ಗಲು ತಪ್ಪಲಿ ಎಂದು ಹೊರಡುವ ದಿನವನ್ನು ಮಂಗಳವಾರಕ್ಕೆ ಇಟ್ಟೆ.

ಶೀಟ್ ಓದಿ ಹೇಳಲು ಅವರ ಮನೆಗೆ ಹೋದಾಗ ರಾಘುವಿನ ತಾಯಿ ಶಾರದಮ್ಮ ಅಲ್ಲೇ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರು. ಎರಡು ಗಂಟೆಯಲ್ಲಿ ಅವರು ಕೇಳಿದ್ದು ಒಂದೇ, ಹೊರಡೋದು ಯಾವ ವಾರ ಅಂತ. ಮಂಗಳವಾರ ಎಂದೆ. ಅವರು ಮಗನ ಮುಖ ನೋಡಿದರು. ಮಗ ಲ್ಯಾಪ್‌ಟಾಪ್ ನೋಡುತ್ತಿದ್ದ. ಅವರು ಮತ್ತೆ ಬತ್ತಿ ಹೊಸೆಯತೊಡಗಿದರು.

ಸಾಮಾನು ಕಳೆಯದಿರಲಿ ಎಂದು ನಾನೊಂದು ಪದ್ಧತಿ ಮಾಡಿದ್ದೆ. ಎಷ್ಟು ಬ್ಯಾಗೋ ಅಷ್ಟು ನಂಬರ್ ಹಾಕಿದ ಟ್ಯಾಗ್ ಕೊಡುವುದು. ಟ್ಯಾಗ್ ಕಟ್ಟದ ಬ್ಯಾಗ್ ಗಾಡಿ ಹತ್ತುವಂತಿಲ್ಲ. ಹೊರಡುವಾಗ ವಿಡಿಯೋ ಕಾಲ್‌ನಲ್ಲಿ ನನ್ನೆದುರೇ ಎಣಿಸಬೇಕು. ಇವರಿಗೆ ಹನ್ನೊಂದು ಟ್ಯಾಗ್ ಕೊಟ್ಟಿದ್ದೆ. ಹತ್ತು ಬ್ಯಾಗುಗಳಿಗೆ, ಒಂದು ಇಂಚರಾಳ ನೀಲಿ ಪೌಚಿಗೆ. ಅವಳ ಇನ್ಸುಲಿನ್ ಪೆನ್ನುಗಳು, ಸೂಜಿ, ಸಕ್ಕರೆ ನೋಡುವ ಮೀಟರ್, ಡಾಕ್ಟರ ಚೀಟಿ ಎಲ್ಲವೂ ಇದ್ದದ್ದು ಆ ಪೌಚಿನಲ್ಲಿ. ಮಂಗಳವಾರ ಬೆಳಗ್ಗೆ ಐದೂವರೆಗೆ ರಾಘು ಫೋನು ಹಿಡಿದು, ಹಿಂದಿನ ರಾತ್ರಿಯೇ ಬಂದಿಳಿದಿದ್ದ ತಂಗಿಯ ಕಾರಿನದೂ ಸೇರಿ ಎರಡೂ ಡಿಕ್ಕಿ ತೋರಿಸಿದ. ಒಂದು, ಎರಡು ಎಂದು ಎಣಿಸಿದೆ. ಹನ್ನೊಂದಕ್ಕೆ ಹನ್ನೊಂದು. ಹೊರಡ್ರಿ ಎಂದೆ.

ಎಂಟೂಕಾಲಿಗೆ ದೀಪಾಳ ಫೋನು ಬಂತು. ಖಾಲಾಪುರ ಟೋಲ್ ಹತ್ತಿರದ ಫುಡ್ ಮಾಲ್‌ನಿಂದ.

"ಶೈಲಾ ಅವ್ರೇ, ಪೌಚ್ ಇಲ್ಲ."

ನಡೆದದ್ದಿಷ್ಟು. ಅವರ ಕಾರು ಮೊದಲು ತಲುಪಿದೆ. ಹಸಿದಿದ್ದ ಮಗು ಇಂಜೆಕ್ಷನ್ನಿಗೆ ಕಾಯದೆ ಎರಡು ಇಡ್ಲಿ, ಅರ್ಧ ತಟ್ಟೆ ಶಿರಾ ತಿಂದುಬಿಟ್ಟಿದೆ. ದೀಪಾ ಕಾರೆಲ್ಲ ಹುಡುಕಿದರೂ ಪೌಚಿಲ್ಲ. ತಂಗಿಯ ಕಾರಿನಲ್ಲಿರಬೇಕು ಎಂದುಕೊಂಡರೆ ಅದು ಸಿಎನ್‌ಜಿ ಹಾಕಿಸಿಕೊಳ್ಳಲು ಶೀಳಫಾಟಾ ಕೂಡುರಸ್ತೆಯಲ್ಲಿ ನಿಂತು, ಟ್ರಕ್ಕುಗಳ ನಡುವೆ ಸಿಕ್ಕಿಕೊಂಡು ತಡವಾಗಿ ಬಂದಿದೆ. ಅದರಲ್ಲೂ ಇಲ್ಲ. ಫ್ರಿಜ್‌ನಿಂದ ಪೌಚ್ ತೆಗೆದುಕೋ ಎಂದು ದೀಪಾ ಗಂಡನಿಗೆ ಹೇಳಿದ್ದಳು. ಅವನು ಬೆಳಗ್ಗೆ ಫ್ರಿಜ್ ತೆಗೆದಾಗ ಪೌಚ್ ಕಾಣಲಿಲ್ಲ. ಹೆಂಡತಿಯೇ ಇಟ್ಟುಕೊಂಡಿದ್ದಾಳೆ ಎಂದುಕೊಂಡ. ರಾತ್ರಿಯ ಡೋಸನ್ನು ದೀಪಾ ಬಳಕೆಯಲ್ಲಿದ್ದ ಹಳೇ ಪೆನ್ನಿನಿಂದ ಕೊಟ್ಟಿದ್ದರಿಂದ ಪೌಚ್ ಇಲ್ಲದ್ದು ಅವಳಿಗೂ ಗೊತ್ತಾಗಿರಲಿಲ್ಲ, ಆ ಪೆನ್ನು ಮನೆಯ ಫ್ರಿಜ್ ಬಾಗಿಲಲ್ಲೇ ಉಳಿದಿತ್ತು.

ಆಗ ನಾನು ಮಾಡಿದ್ದೇನು ಗೊತ್ತೇ? ವಾದ. "ಹನ್ನೊಂದು ನಾನೇ ಎಣಿಸೀನ್ರಿ. ಗಾಡಿ ಒಳಗೇ ಐತಿ, ಸರಿಯಾಗಿ ನೋಡ್ರಿ" ಎಂದು ದಬಾಯಿಸಿದೆ. ಬೆಳಗಿನ ವಿಡಿಯೋ ಕಾಲ್‌ನಲ್ಲಿ ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್ ಕಳಿಸಿದೆ. ಒಂದೊಂದೇ ನಂಬರು ಹೇಳಿ, ಅದರಲ್ಲೇನಿದೆ ಎಂದು ಕೇಳುತ್ತ ಹೋದೆ. ಏಳನೇ ನಂಬರು ಚಕ್ಕುಲಿ, ಕೋಡುಬಳೆಯ ಚೀಲ ಎಂದರು. ಒಂದು ಟ್ಯಾಗ್ ಹೆಚ್ಚಿಗೆ ಉಳಿದಿತ್ತು, ಅದಕ್ಕೇ ಕಟ್ಟಿದೆ ಎಂದು ರಾಘು ಹಿಂದಿನಿಂದ ಹೇಳಿದ್ದು ಕೇಳಿಸಿತು. ನಾನು ಎಣಿಸಿದ್ದು ಟ್ಯಾಗುಗಳನ್ನು. ಪೌಚ್ ಗಾಡಿ ಹತ್ತಿಯೇ ಇರಲಿಲ್ಲ. ಇಷ್ಟು ತಿಳಿಯಲು ನನಗೆ ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷವೂ ಫೋನಿನ ಆಚೆ ಕಡೆ ಇಂಚರಾ ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದಳು.

"ಮಮ್ಮಾ, ಪಾನಿ ದೋ ನಾ."

ಸಕ್ಕರೆ ಏರಿದ ಮಕ್ಕಳಿಗೆ ತಡೆಯಲಾರದ ನೀರಡಿಕೆ ಎಂದು ಶೀಟ್ ಮಾಡುವಾಗ ದೀಪಾಳೇ ನನಗೆ ಹೇಳಿಕೊಟ್ಟಿದ್ದಳು.

ಫುಡ್ ಮಾಲ್‌ನಲ್ಲಿ ವಯಸ್ಸಾದವರು ಯಾರಾದರೂ ಇದ್ದರೆ ಸಕ್ಕರೆ ಮೀಟರ್ ಕೇಳಿರಿ ಎಂದೆ. ಪುಣೆ ಬಸ್ಸಿನ ಒಬ್ಬ ಮರಾಠಿ ಅಜ್ಜ ಕೂಡಲೇ ತೆಗೆದುಕೊಟ್ಟರಂತೆ. ಅಂಕಿ ಮುನ್ನೂರ ಎಂಬತ್ತಾರು, ಇರಬೇಕಾದ್ದರ ಎರಡು ಪಟ್ಟಿಗೂ ಹೆಚ್ಚು. ಇನ್ನೂ ಏರುವುದಿತ್ತು.

ರಾಘು ಒಮ್ಮೆ ಡೊಂಬಿವಲಿಗೆ ವಾಪಸು ಬರುತ್ತೇನೆ ಎಂದ, ಮರುಕ್ಷಣವೇ ಪಾರ್ಕಿಗೇ ಹೋಗುತ್ತೇವೆ, ಅಲ್ಲಿ ಫಸ್ಟ್ ಏಡ್ ಇರುತ್ತದೆ, ಇವತ್ತಿನ ದಿನಾಂಕದ ಟಿಕೆಟ್ಟು ಎಂದ. ಅಲ್ಲಿ ಬ್ಯಾಂಡೇಜು, ಓಆರ್‌ಎಸ್ ಬಿಟ್ಟರೆ ಏನೂ ಇಲ್ಲ ಎಂದು ಅವನಿಗೆ ಹೇಳಿದೆ. ಹಿಂದಕ್ಕೆ ಬರುವುದೂ ಬೇಡ, ಆ ಹೊತ್ತಿಗೆ ಶೀಳಫಾಟಾ ದಾಟಲಿಕ್ಕೇ ಒಂದು ಗಂಟೆ. ಮೆಡಿಕಲ್ ಅಂಗಡಿಯಲ್ಲಿ ಕೊಳ್ಳೋಣವೆಂದರೆ ಡಾಕ್ಟರ ಚೀಟಿಯೂ ಪೌಚಿನಲ್ಲೇ. ಪೌಚ್ ಎಲ್ಲಿದೆ ಎಂದು ಗೊತ್ತಾದರೆ ಒಬ್ಬ ಡ್ರೈವರನ್ನು ಓಡಿಸಬಹುದು. ಆದರೆ ಮನೆಯಲ್ಲಿದೆಯೋ, ಪಾರ್ಕಿಂಗಿನಲ್ಲಿ ಬಿತ್ತೋ, ಯಾರಿಗೂ ಗೊತ್ತಿಲ್ಲ.

ಅಷ್ಟರಲ್ಲಿ ದೀಪಾ ಅಳುತ್ತ, ಅತ್ತೆಯವರನ್ನು ಎಷ್ಟು ಕೇಳಿದರೂ ಬಾಯಿ ಬಿಡುತ್ತಿಲ್ಲ, ದೇವರ ಹೆಸರು ಹೇಳುತ್ತ ಕೂತಿದ್ದಾರೆ ಎಂದಳು.

ಆ ಮಾತು ಕಿವಿಗೆ ಬಿದ್ದಿದ್ದೇ ತಡ, ನನಗೆ ನಮ್ಮವ್ವನ ನೆನಪಾಯಿತು. ಹೊರಡುವ ದಿನ ಮಂಗಳವಾರವೋ ಅಮಾವಾಸ್ಯೆಯೋ ಆಗಿದ್ದರೆ ಅವ್ವ ಹಿಂದಿನ ದಿನವೇ ಒಳ್ಳೆ ಹೊತ್ತು ನೋಡಿ, ಪ್ರಯಾಣಕ್ಕೆ ಬಹಳ ಬೇಕಾದ ಒಂದು ಸಾಮಾನನ್ನು ಪಕ್ಕದ ಮನೆಯಲ್ಲಿ ಇಟ್ಟುಬರುತ್ತಿದ್ದಳು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಮರುದಿನದ ದೋಷ ತಾಗುವುದಿಲ್ಲ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೋಗುವಾಗ ಆ ಮನೆಯಿಂದ ಅದನ್ನು ಎತ್ತಿಕೊಂಡು ಹೋಗಬೇಕು. ಮಂಗಳವಾರವನ್ನು ಆರಿಸಿದವಳು ನಾನು. ಪ್ರಸ್ಥಾನ ಗೊತ್ತಿದ್ದವಳೂ ನಾನು.

ಶಾರದಮ್ಮನ ಕೈಗೆ ಫೋನು ಕೊಡಲು ಹೇಳಿದೆ. ಬೈಯುವ ಸಿಟ್ಟು ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳು ಹೇಳುವುದಿಲ್ಲ. ಆದರೆ ಆ ತುದಿಯಿಂದ ಮುದುಕಿಯ ಉಸಿರು ಕೇಳಿಸಿತು. ಅಳು ತಡೆದು ತಡೆದು ಬರುವ ಉಸಿರು. ಬೈದರೆ ಈ ಬಾಯಿ ಇನ್ನು ಸಂಜೆಯವರೆಗೂ ತೆರೆಯುವುದಿಲ್ಲ ಅನ್ನಿಸಿತು.

"ಅಮ್ಮಾ, ತಪ್ಪು ನಂದು. ಮಂಗಳವಾರ ಹೊರಡಿಸಿದಾಕಿ ನಾನು. ಪ್ರಸ್ಥಾನ ಯಾರ ಮನ್ಯಾಗ ಇಟ್ಟೀರಿ, ಅಷ್ಟ ಹೇಳ್ರಿ."

ಶಾರದಮ್ಮ ಹೇಳಿದರು.

"ಎದುರು ಮನೆ ಜೋಶಿ ಕಾಕು ಫ್ರಿಜ್ಜಲ್ಲಿ ಕಣಮ್ಮ. ಮಗೂಗೆ ಬೇಕಾದ್ದನ್ನೇ ಇಟ್ರೆ ಮಗು ಸುಖವಾಗಿ ಹೋಗಿ ಬರತ್ತೆ ಅಂತ ಇಟ್ಟೆ. ರಾಘೂಗೆ ರಾತ್ರೀನೇ ಹೇಳಿದ್ದೆ. ನನ್ ಕೈಯಾರೆ ಮಗೂನ..."

ರಾಘುಗೆ ಹೇಳಿದ್ದು ನಿಜ. ಅವನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆಫೀಸ್ ಕಾಲ್‌ನಲ್ಲಿದ್ದ. ಹೂಂ ಎಂದು ತಲೆ ಆಡಿಸಿದ್ದ. ಅದು ಅಮ್ಮನಿಗೆ ಹೇಳಿದ ಹೂಂ ಆಗಿರಲಿಲ್ಲ.

ಮಗುವನ್ನು ಆಸ್ಪತ್ರೆಗೆ ಮುಟ್ಟಿಸುವುದು, ಪೌಚ್ ತರಿಸುವುದು, ನಾನು ಎರಡು ಕೆಲಸವನ್ನು ಒಟ್ಟಿಗೆ ಹಿಡಿದೆ. ಶೀಟಿನ ಹಿಂದೆ ಬರೆದಿದ್ದ ಖೋಪೋಲಿ ಆಸ್ಪತ್ರೆಗೆ ಫೋನ್ ಮಾಡಿ ಮಗುವಿನ ವಯಸ್ಸು, ತೂಕ, ಮೀಟರಿನ ಅಂಕಿ ಹೇಳಿದೆ. ಡ್ಯೂಟಿ ಡಾಕ್ಟರು ಒಂದು ನಿಮಿಷವೂ ಕಾಯಬೇಡಿ, ಈಗಲೇ ಕರೆತನ್ನಿ ಎಂದರು. ರಾಘು ಆಗಲೂ, ಪೌಚ್ ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಬರೋವರೆಗೆ ಕಾಯಬಹುದಲ್ವಾ ಎಂದ. ಅವನ ದೃಷ್ಟಿಯಲ್ಲಿ ಆಸ್ಪತ್ರೆಯೆಂದರೆ ಮಗಳಿಗೆ ಕೊಟ್ಟ ಮಾತು ಮುರಿದುಬಿದ್ದ ಹಾಗೆ.

"ಪಾರ್ಕ್ ಎಲ್ಲಿಗೂ ಓಡಿ ಹೋಗೂದಿಲ್ಲ. ಗಾಡಿ ತಿರುಗಿಸ್ರಿ" ಎಂದೆ.

ದಾರಿಯಲ್ಲಿ ಇಂಚರಾ ಎರಡು ಸಲ ವಾಂತಿ ಮಾಡಿಕೊಂಡಳು. ಆಸ್ಪತ್ರೆ ಮುಟ್ಟಿದಾಗ ಒಂಬತ್ತು ಗಂಟೆ ಐದು ನಿಮಿಷ, ಸಕ್ಕರೆ ನಾನೂರ ನಲವತ್ತು. ಮೂತ್ರದಲ್ಲಿ ಕೀಟೋನ್ ಆಗಲೇ ಕಾಣಿಸಿಕೊಂಡಿತ್ತು. ಇನ್ಸುಲಿನ್ ಸಿಗದೆ ಮೈ ಕೊಬ್ಬನ್ನು ಸುಡತೊಡಗಿದರೆ ಹುಟ್ಟುವ ವಿಷ ಅದು, ಹೆಚ್ಚಾದರೆ ಮಗು ಎಚ್ಚರ ತಪ್ಪುತ್ತದೆ. ಇನ್ಸುಲಿನ್ ಕೊಟ್ಟರು, ಡ್ರಿಪ್ ಹಾಕಿದರು. ಅಷ್ಟೂ ಹೊತ್ತು ನಾನು ಡೊಂಬಿವಲಿಯ ಆಫೀಸಿನಲ್ಲಿ ಒಂದು ಕಡೆ ಕೂತಿರಲಿಲ್ಲ. ಫೋನು ಬಡಿದುಕೊಂಡಾಗಲೆಲ್ಲ ತೆಗೆಯಲು ಹೆದರಿಕೆ, ಬಡಿದುಕೊಳ್ಳದಿದ್ದರೆ ಅದಕ್ಕಿಂತ ಹೆದರಿಕೆ.

ಎದುರು ಮನೆಯ ಮರಾಠಿ ಹೆಂಗಸು ಜೋಶಿ ಕಾಕು ಫೋನಿಗೆ ಸಿಕ್ಕಾಗ ಮಹಾಪೆಗೆ ಹೋಗುವ ತಮ್ಮ ಕಂಪನಿ ಬಸ್ಸಿನಲ್ಲಿದ್ದರು. ಬೆಳಗ್ಗೆ ಪೌಚ್ ಫ್ರಿಜ್‌ನಲ್ಲೇ ಇರುವುದನ್ನು ನೋಡಿ ಶಾರದಮ್ಮನಿಗೆ ಮೂರು ಸಲ ಫೋನ್ ಮಾಡಿದ್ದರಂತೆ. ಆ ಫೋನು ಡಿಕ್ಕಿಯ ಬ್ಯಾಗಿನಲ್ಲಿತ್ತು. ದೀಪಾಳ ನಂಬರು ಅವರ ಬಳಿ ಇರಲಿಲ್ಲ. ಮನೆಗೆ ಬೀಗ ಹಾಕಿ ಹೋದರೆ ಯಾರಿಗೂ ಸಿಗುವುದಿಲ್ಲ, ಜೊತೆಗಿದ್ದರೆ ಇವರು ಫೋನ್ ಮಾಡಿದಾಗ ಕೊಡಬಹುದು ಎಂದು ಪೌಚನ್ನು ಐಸ್ ಪ್ಯಾಕ್ ಸಮೇತ ಜೊತೆಗೇ ಒಯ್ದಿದ್ದರು. ನನ್ನ ಡ್ರೈವರೊಬ್ಬ ಮಹಾಪೆಯಲ್ಲೇ ಇದ್ದ. ಕಳಂಬೋಲಿಯ ಜಾಮ್ ದಾಟಿ ಅವನು ಆಸ್ಪತ್ರೆ ತಲುಪಿದಾಗ ಹನ್ನೊಂದಕ್ಕೆ ಐದು ನಿಮಿಷ ಬಾಕಿ. ಅವನಿಗಾಗಿ ಕಾದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಸಂಜೆ ನಾನೇ ಖೋಪೋಲಿಗೆ ಹೋದೆ. ಹುಡುಗಿ ಡ್ರಿಪ್ ಹಾಕಿಸಿಕೊಂಡು ಕೂತು, ಕಲ್ ಜಾಯೇಂಗೆ ನಾ, ನಾಳೆ ಪಾರ್ಕಿಗೆ ಹೋಗೋಣ ತಾನೇ ಎಂದು ಎಲ್ಲರ ಜೀವ ತಿನ್ನುತ್ತಿತ್ತು. ಶಾರದಮ್ಮ ಮಾತ್ರ ವಾರ್ಡಿನ ಒಳಗೆ ಬಂದಿರಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಬೆಳಗ್ಗೆಯಿಂದ ಹನಿ ನೀರೂ ಕುಡಿಯದೆ ಕೂತಿದ್ದರು. ಸೊಸೆಗೆ ಮುಖ ತೋರಿಸಲಾರೆ ಎಂದರು. ನಾನು ದೀಪಾಳನ್ನು ಹೊರಗೆ ಕರೆದು, ಟ್ಯಾಗ್ ಎಣಿಸಿ ಬ್ಯಾಗ್ ಎಣಿಸಿದೆ ಎಂದುಕೊಂಡವಳು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿ ಎಂದೆ. ಅವಳು ಸೀದಾ ಅತ್ತೆಯ ಪಕ್ಕ ಹೋಗಿ ಕೂತಳು.

"ಫುಡ್ ಮಾಲ್‌ನಲ್ಲಿ ಯಾಕೆ ಸುಮ್ನಿದ್ರಿ ಅತ್ತೆ? ನಾನು ಅಷ್ಟೊಂದು ಕೆಟ್ಟವಳಾ?"

ಶಾರದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ದೀಪಾಳೂ ಅತ್ತಳು. ಅವಳು ಕೇಳಿದ ಪ್ರಶ್ನೆ ನನಗೂ ತಾಗಿತು. ಬೆಳಗ್ಗೆ ಹುಡುಕಾಡಿದ ಮುಕ್ಕಾಲು ಗಂಟೆಯೂ ಆ ಮುದುಕಿಗೆ ಪೌಚ್ ಎಲ್ಲಿದೆ ಎಂದು ಗೊತ್ತಿತ್ತು. ಮೊಮ್ಮಗಳೆಂದರೆ ಆಕೆಗೆ ಜೀವ. ಆದರೂ ಹೇಳಲಾಗಲಿಲ್ಲ. ಸುತ್ತ ಎಲ್ಲರೂ ಯಾರ ತಪ್ಪು ಎಂದು ಹುಡುಕುತ್ತಿದ್ದರೇ ಹೊರತು ಪೌಚನ್ನಲ್ಲ. ಅವರಲ್ಲಿ ಜೋರು ದನಿ ನನ್ನದೇ ಆಗಿತ್ತು.

ಡಾಕ್ಟರು ಒಪ್ಪಿದ ಮೇಲೆ ಎರಡು ದಿನ ಬಿಟ್ಟು ಇಂಚರಾ ಪಾರ್ಕ್ ನೋಡಿದಳು. ಟಿಕೆಟ್ಟಿನ ದಿನ ಬದಲಿಸಲು ನಾನು ಯಾರ ಯಾರ ಕಾಲು ಹಿಡಿದೆ ಎನ್ನುವುದು ಬೇರೆ ಕಥೆ. ಈಗಲೂ ಈ ಕಸುಬಿನಲ್ಲಿದ್ದೇನೆ. ದಾರಿಯಲ್ಲಿ ಏನಾದರೂ ಕೆಟ್ಟು ಫೋನು ಬಂದರೆ ಎದುರಿನವರು ಬಾಯಿ ತೆರೆಯುವ ಮುಂಚೆಯೇ, ತಪ್ಪು ನನ್ನದು, ಈಗ ಏನಾಗಿದೆ ಹೇಳಿ ಎನ್ನುತ್ತೇನೆ. ಹತ್ತರಲ್ಲಿ ಎಂಟು ಸಲ ತಪ್ಪು ನನ್ನದಾಗಿರುವುದಿಲ್ಲ. ಇರದಿದ್ದರೆ ಇರಲಿ. ಆ ಗುಂಪಿನಲ್ಲಿ ನಿಜ ಗೊತ್ತಿದ್ದೂ ಹೆದರಿ ಕೂತವರು ಒಬ್ಬರಾದರೂ ಇರುತ್ತಾರೆ, ಅವರು ಮಾತಾಡಬೇಕು.